‘ಸಾಹಿತ್ಯಕೃತಿ’ ಎನಿಸಿದ ತಂತ್ರಾಂಶ: ಬಳಕೆ ತಪ್ಪಿದ ಗಣಕ ವ್ಯವಸ್ಥೆಗಳೂ ಮುಂಬಯಿ ಕನ್ನಡದ ಪಠ್ಯವೂ

೧

ಭಾರತದ ಕೃತಿಸ್ವಾಮ್ಯ ಕಾಯಿದೆ (೧೯೫೭) ೧೯೮೪ರ ತಿದ್ದುಪಡಿಯ ಮೂಲಕ ಗಣಕದ ತಂತ್ರಾಂಶವನ್ನು ‘ಸಾಹಿತ್ಯಕೃತಿ’ ಎಂಬ ವ್ಯಾಖ್ಯೆಯೊಳಕ್ಕೆ ತಂದಿತು. ಕಾವ್ಯ, ಕಾದಂಬರಿ, ನಿಘಂಟುಗಳಿಗೆ ದೊರೆಯುವ ರಕ್ಷಣೆ ಅಂದಿನಿಂದ ಗಣಕವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಗೂ ದೊರೆಯುತ್ತ ಬಂದಿದೆ. ಈ ವ್ಯಾಖ್ಯೆಯನ್ನು ಸಾಮಾನ್ಯವಾಗಿ ವಕೀಲರ ಪಾಲಿಗೆ ಬಿಡಲಾಗಿದೆ. ಆದರೆ ‘ಸಾಹಿತ್ಯಕೃತಿ’ ಎಂಬ ಮಾತು ನಮ್ಮ ಕ್ಷೇತ್ರದ್ದು. ಒಂದು ಬರಹ ಸಾಹಿತ್ಯವೆನಿಸಿದಾಗ ಅದರ ಕರ್ತೃವಿಗೆ ಹಕ್ಕು ಒದಗುವಂತೆಯೇ ಅದನ್ನು ಉಳಿಸುವ, ಓದುವ, ಸಂಪಾದಿಸುವ ಹೊಣೆ ಸಮಾಜಕ್ಕೆ ಒದಗುತ್ತದೆ. ತಂತ್ರಾಂಶದ ವಿಷಯದಲ್ಲಿ ಕಾನೂನು ಹಕ್ಕನ್ನು ಕೊಟ್ಟು ಹೊಣೆಯನ್ನು ಮರೆತಿದೆ ಎಂಬುದು ನಮ್ಮ ವಾದ. ಈ ಮರೆವಿನ ಬೆಲೆಯನ್ನು ಕನ್ನಡದ ಪಠ್ಯ ತೆರುತ್ತಿರುವ ಬಗೆಯನ್ನು ಮುಂಬಯಿಯ ಸಂದರ್ಭದಲ್ಲಿಟ್ಟು ಇಲ್ಲಿ ಪರಿಶೀಲಿಸುತ್ತೇವೆ.

೨

ಈ ಪ್ರಶ್ನೆಗೆ ಮುಂಬಯಿ ತಕ್ಕ ನೆಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ೧೯೫೬ರಲ್ಲಿ ಪ್ರಾಯೋಗಿಕ ಗಣಕವೊಂದು ಸಿದ್ಧವಾಯಿತು. ಪೂರ್ಣಪ್ರಮಾಣದ ಯಂತ್ರ ೧೯೬೦ರಲ್ಲಿ ಕೆಲಸಕ್ಕೆ ತೊಡಗಿತು. ೧೯೬೨ರಲ್ಲಿ ಅದಕ್ಕೆ ‘ಟಿಫ್ರ್ಯಾಕ್’ ಎಂಬ ಹೆಸರು ಬಂತು. ಇಂಥ ಯಂತ್ರ ಇದೊಂದೇ. ಅದಕ್ಕಾಗಿ ಬರೆದ ಆದೇಶಾವಳಿಗಳು ಬೇರೆ ಯಾವ ಯಂತ್ರಕ್ಕೂ ತಿಳಿಯವು. ಯಂತ್ರ ನಿಂತ ದಿನವೇ ಅವು ಓದುಗನಿಲ್ಲದ ಬರಹಗಳಾದವು. ೧೯೬೪ರಲ್ಲಿ ಅದೇ ಸಂಸ್ಥೆಗೆ ಸಿಡಿಸಿ ೩೬೦೦ ಗಣಕ ಬಂತು. ಅದೇ ದಶಕದಲ್ಲಿ ಪೊವಾಯಿಯ ಐಐಟಿಗೆ ಸೋವಿಯತ್ ದೇಶದ ಮಿನ್ಸ್ಕ್ ಗಣಕ ಬಂತು. ಇವೂ ತಮ್ಮ ಕಾಲ ಮುಗಿಸಿದವು.

ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಪದಸೂಚಿ (೧೯೭೭) ಮುಂಬಯಿಯ ಈ ಗಣಕ ಪರಂಪರೆಯ ನೆರವಿನಿಂದ ರೂಪುಗೊಂಡ ಗ್ರಂಥ. ಲಿಪಿಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅದರ ಮುದ್ರಿತ ಪುಟಗಳನ್ನು ತಿರುವಿಹಾಕುತ್ತಾರೆ. ಅಂದು ಗಣಕದ ಫಲ ಕಾಗದಕ್ಕೆ ಇಳಿಯುತ್ತಿತ್ತು. ಯಂತ್ರ ಅಳಿದರೂ ಫಲ ಉಳಿಯುತ್ತಿತ್ತು. ಪಠ್ಯವೇ ಗಣಕದೊಳಗೆ ಹುಟ್ಟಿ ಅಲ್ಲಿಯೇ ನೆಲೆಸತೊಡಗಿದ ಮೇಲೆ ಈ ಭರವಸೆ ಹೋಯಿತು.

೧೯೯೦ರ ದಶಕದಲ್ಲಿ ಮುಂಬಯಿಯ ಕನ್ನಡ ಪ್ರಕಟಣೆಗಳು ಕ್ರಮೇಣ ಅಚ್ಚುಮೊಳೆಯಿಂದ ಗಣಕದ ಅಕ್ಷರಸಂಯೋಜನೆಗೆ ಹೊರಳಿದವು. ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ರಾತ್ರಿಶಾಲೆಗಳ ವಾರ್ಷಿಕ ಸಂಚಿಕೆ, ಅಭಿನಂದನ ಗ್ರಂಥ, ಸಮುದಾಯ ಪತ್ರಿಕೆ ಇವು ಇಲ್ಲಿನ ಕನ್ನಡ ಜೀವನದ ಮುಖ್ಯ ದಾಖಲೆಗಳು. ಕೆಲವು ನೂರು ಪ್ರತಿಗಳ ಇಂಥ ಮುದ್ರಣ ಕೈಯಿಂದ ಕೈಗೆ ಹೋಗಿ ಕರಗಿಬಿಡುತ್ತದೆ. ಕಡತ ಮಾತ್ರ ಡಿಟಿಪಿ ಕೇಂದ್ರದ ಫ್ಲಾಪಿಯಲ್ಲಿ ಉಳಿಯುತ್ತದೆ. ಕೇಂದ್ರ ಮುಚ್ಚಿದಾಗ ಯಂತ್ರ ಲ್ಯಾಮಿಂಗ್ಟನ್ ರಸ್ತೆಯ ಹಳೆ ಸಾಮಾನಿನ ಅಂಗಡಿಗೋ ಕುರ್ಲಾದ ಗುಜರಿಗೋ ಸೇರುತ್ತದೆ. ವಿದ್ಯುನ್ಮಾನ ತ್ಯಾಜ್ಯವನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಬೇಕೆಂಬ ನಿಯಮ ೨೦೧೨ರಿಂದ ಜಾರಿಯಲ್ಲಿದೆ. ಕಳಚುವ ಮುನ್ನ ಅದರೊಳಗಿನ ಬರಹವನ್ನು ನೋಡಬೇಕೆಂಬ ನಿಯಮ ಯಾವುದೂ ಇಲ್ಲ.

೩

ಕಡತ ಉಳಿದರೆ ಸಾಲದೇ, ಕಾರ್ಯಾಚರಣ ವ್ಯವಸ್ಥೆಯನ್ನು ಏಕೆ ಉಳಿಸಬೇಕು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ಕನ್ನಡ ಲಿಪಿಯ ಸ್ವರೂಪದಲ್ಲಿಯೇ ಇದೆ.

ಡಾಸ್ ವ್ಯವಸ್ಥೆಗೆ ಕನ್ನಡದ ಪರಿಚಯವಿರಲಿಲ್ಲ. ಅದರ ಮೇಲೆ ಕನ್ನಡ ಬರೆಯಿಸಲು ಪ್ರತಿಯೊಬ್ಬ ತಂತ್ರಜ್ಞನೂ ತನ್ನದೇ ದಾರಿ ಹುಡುಕಬೇಕಾಯಿತು. ಮುಂಬಯಿಯಲ್ಲಿ ಮುದ್ರಣ ತಂತ್ರಜ್ಞಾನದ ಕ್ಷೇತ್ರದಲ್ಲಿ ದುಡಿದ ಕೆ.ಪಿ. ರಾವ್ ಅವರು ರೂಪಿಸಿದ ‘ಸೇಡಿಯಾಪು’ ಆ ಕಾಲದ ಗಣ್ಯ ಸಾಧನೆ. ಅನಂತರದ ವಿಂಡೋಸ್ ಕಾಲದ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಿದವು. ಐಎಸ್‌ಸಿಐಐ ಎಂಬ ರಾಷ್ಟ್ರೀಯ ಮಾನಕವೂ ಯೂನಿಕೋಡಿನ ಮೊದಲ ಆವೃತ್ತಿಯೂ ೧೯೯೧ರಲ್ಲಿಯೇ ಬಂದಿದ್ದರೂ, ವಿಂಡೋಸ್ ತಾನಾಗಿಯೇ ಯೂನಿಕೋಡ್ ಕನ್ನಡವನ್ನು ತೋರಿಸತೊಡಗಿದ್ದು ೨೦೦೧ರ ಎಕ್ಸ್‌ಪಿ ಆವೃತ್ತಿಯಲ್ಲಿ. ಈ ನಡುವಣ ಅವಧಿಯ ಕನ್ನಡ ಕಡತ ತನ್ನ ಅಕ್ಷರಶೈಲಿಯಿಲ್ಲದೆ ತೆರೆದುಕೊಂಡರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ.

ಇಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ. ಅವು ಉಪಯುಕ್ತವೂ ಹೌದು. ಆದರೆ ಪರಿವರ್ತನೆ ಎಂಬುದು ಪ್ರತಿಕಾರನ ಕೆಲಸ, ಪ್ರತಿಕಾರನ ದೋಷಗಳಿಗೆ ಅದೂ ಹೊರತಲ್ಲ. ಅರ್ಕಾವೊತ್ತನ್ನು ನೋಡಬಹುದು. ಬರಹದಲ್ಲಿ ಅದು ವ್ಯಂಜನದ ಬಳಿಕ ಬರುತ್ತದೆ, ಉಚ್ಚಾರಣೆಯಲ್ಲಿ ರೇಫ ಮೊದಲು ಬರುತ್ತದೆ. ಹಳೆಯ ಅಕ್ಷರಶೈಲಿಗಳು ಕಣ್ಣಿಗೆ ಕಾಣುವ ಕ್ರಮವನ್ನು ದಾಖಲಿಸಿದವು, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ದಾಖಲಿಸುತ್ತದೆ. ‘ಕಾರ್ಯ’ದಲ್ಲಿ ಅರ್ಕಾವೊತ್ತು ಇರಬೇಕು, ‘ರ‍್ಯಾಂಕ್’ ಪದದಲ್ಲಿ ರಕಾರಕ್ಕೆ ಯಕಾರದ ಒತ್ತು ಬರಬೇಕು. ಈ ಭೇದವನ್ನು ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಕಾಯುತ್ತದೆ. ಪರಿವರ್ತಕ ಅದನ್ನು ಕೈಬಿಟ್ಟರೆ ಎರಡು ರೂಪಗಳೂ ಒಂದಾಗಿಬಿಡುತ್ತವೆ. ಅರ್ಕಾವೊತ್ತನ್ನು ಉದ್ದೇಶಪೂರ್ವಕವಾಗಿ ತೊರೆದು ಬರೆಯುವ ಲೇಖಕರೂ ನಮ್ಮಲ್ಲಿದ್ದಾರೆ. ಅವರ ಬರಹದಲ್ಲಿ ಅದು ನಿಲುವಿನ ಗುರುತು. ಪರಿವರ್ತಕ ಆ ನಿಲುವನ್ನು ತಪ್ಪೆಂದು ಭಾವಿಸಿ ತಿದ್ದಿದರೆ, ತಿದ್ದಿದ ಸುಳಿವೂ ಉಳಿಯದು.

ಗ್ರಂಥಸಂಪಾದನಶಾಸ್ತ್ರ ಇಂಥ ಸಂದರ್ಭದಲ್ಲಿ ನಮ್ಮನ್ನು ಮೂಲ ಪ್ರತಿಗೆ ಕಳುಹಿಸುತ್ತದೆ. ಓಲೆಯ ಪ್ರತಿಯಲ್ಲಿ ಸಂದೇಹ ಬಂದರೆ ಓಲೆಯನ್ನೇ ನೋಡುತ್ತೇವೆ. ಗಣಕದ ಪ್ರತಿಯಲ್ಲಿ ಕಡತವೊಂದೇ ಓಲೆಯಲ್ಲ. ಕಡತ, ಅಕ್ಷರಶೈಲಿ, ಅಕ್ಷರಸಂಯೋಜನೆಯ ತಂತ್ರಾಂಶ, ಇವೆಲ್ಲವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಈ ನಾಲ್ಕೂ ಕೂಡಿದಾಗ ಮಾತ್ರ ಮೂಲಪಾಠ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಹಳೆಯ ಗಣಕ ವ್ಯವಸ್ಥೆಗಳ ರಕ್ಷಣೆಯನ್ನು ಯಂತ್ರಪ್ರಿಯರ ಹವ್ಯಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಪಾಠವಿಮರ್ಶೆಯ ಪೂರ್ವಸಿದ್ಧತೆ.

೪

ಕಾನೂನು ಈ ಸಿದ್ಧತೆಗೆ ಎಷ್ಟು ಅವಕಾಶ ಕೊಡುತ್ತದೆ? ಗ್ರಂಥಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಒಪ್ಪಿಸಬೇಕೆನ್ನುವ ೧೯೫೪ರ ಕಾಯಿದೆಯಂತೆ ಪ್ರತಿಗಳು ಸಲ್ಲುವ ನಾಲ್ಕು ನಗರಗಳಲ್ಲಿ ಮುಂಬಯಿಯೂ ಒಂದು. ಆದರೆ ಆ ಕಾಯಿದೆಯ ‘ಪುಸ್ತಕ’ ಅಚ್ಚಾದ ಪುಸ್ತಕ. ಒಂದು ಕಾಯಿದೆ ಸಾಹಿತ್ಯಕೃತಿ ಎಂದದ್ದನ್ನು ಇನ್ನೊಂದು ಕಾಯಿದೆ ಗ್ರಂಥಾಲಯದ ಹೊಸ್ತಿಲಲ್ಲಿಯೇ ತಡೆಯುತ್ತದೆ.

ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಪ್ರಕರಣದಂತೆ ತಂತ್ರಾಂಶವನ್ನು ನ್ಯಾಯವಾಗಿ ಪಡೆದವನು ನಾಶದ ವಿರುದ್ಧ ತಾತ್ಕಾಲಿಕ ರಕ್ಷಣೆಗಾಗಿ ಪ್ರತಿ ಮಾಡಿಕೊಳ್ಳಬಹುದು. ತಾತ್ಕಾಲಿಕ ಎಂಬ ಮಾತು ಇಲ್ಲಿ ಮುಖ್ಯ. ಗ್ರಂಥಾಲಯದ ಕಾಲಗಣನೆ ಬೇರೆ. ೨೦೧೨ರ ತಿದ್ದುಪಡಿ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯಗಳಿಗೆ ಕೃತಿಗಳನ್ನು ರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳುವ ಅನುಮತಿಯನ್ನು ಕೊಟ್ಟಿತು. ಸ್ವಾಗತಾರ್ಹವಾದ ಈ ಅನುಮತಿಗೆ ಒಂದು ಷರತ್ತಿದೆ: ಆ ಕೃತಿಯ ಅಂಕೀಯವಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಕಾರ್ಯಾಚರಣ ವ್ಯವಸ್ಥೆಗೆ ಅಂಥ ಪ್ರತಿ ಎಲ್ಲಿಂದ ಬರಬೇಕು? ಅದು ಹುಟ್ಟಿದ್ದೇ ಅಂಕಿಗಳಲ್ಲಿ. ಕಾಗದದ ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವಾಕ್ಯ ಎಲ್ಲಕ್ಕಿಂತ ಬೇಗ ನಶಿಸುವ ಸಾಹಿತ್ಯಕೃತಿಯನ್ನೇ ಹೊರಗಿಟ್ಟಿದೆ.

ಅದೇ ತಿದ್ದುಪಡಿಯ ೬೫ಎ ಪ್ರಕರಣ ತಾಂತ್ರಿಕ ಬೀಗಗಳನ್ನು ಮುರಿಯುವುದನ್ನು ದಂಡನೀಯವಾಗಿಸಿತಾದರೂ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇರಬೇಕೆಂದು ಹೇಳಿ ವಿವೇಕ ತೋರಿದೆ. ಹಳೆಯ ಅಕ್ಷರಸಂಯೋಜನೆಯ ತಂತ್ರಾಂಶಗಳ ಹಾರ್ಡ್‌ವೇರ್ ಲಾಕ್ ಕೆಟ್ಟಾಗ ಸಂಶೋಧಕನಿಗೆ ಈ ಮಾತು ಆಸರೆಯಾಗಬಲ್ಲದು. ಅಮೆರಿಕದಲ್ಲಿ ೨೦೧೮ರಲ್ಲಿ ಗ್ರಂಥಾಲಯಗಳಿಗೂ ದಾಖಲಾಗಾರಗಳಿಗೂ ತಂತ್ರಾಂಶ ರಕ್ಷಣೆಗಾಗಿ ಇಂಥ ವಿನಾಯಿತಿಯನ್ನು ಹೆಸರಿಸಿಯೇ ಕೊಡಲಾಯಿತು. ನಮ್ಮಲ್ಲಿ ಅದನ್ನು ಊಹೆಯಿಂದ ತೆಗೆಯಬೇಕಾಗಿದೆ. ಊಹೆಯ ಮೇಲೆ ಯಾವ ವಿಶ್ವವಿದ್ಯಾಲಯವೂ ಧೈರ್ಯದಿಂದ ಕಡತ ತೆರೆಯದು.

೫

ಹಕ್ಕುದಾರರಿಗೆ ಇದರಿಂದ ನಷ್ಟವೆಂಬ ಆಕ್ಷೇಪ ಹೆಚ್ಚು ಕಾಲ ನಿಲ್ಲದು. ಮೈಕ್ರೋಸಾಫ್ಟ್ ಸಂಸ್ಥೆಯೇ ಎಂಎಸ್-ಡಾಸ್‌ನ ಮೊದಲ ಆವೃತ್ತಿಗಳ ಮೂಲಸಂಕೇತವನ್ನು ೨೦೧೪ರಲ್ಲಿ ಕ್ಯಾಲಿಫೋರ್ನಿಯದ ಗಣಕ ವಸ್ತುಸಂಗ್ರಹಾಲಯದ ಮೂಲಕ ಬಿಡುಗಡೆ ಮಾಡಿತು. ೨೦೨೪ರಲ್ಲಿ ಅದರ ೪.೦ ಆವೃತ್ತಿಯನ್ನು ಮುಕ್ತ ಪರವಾನಗಿಯಡಿ ಕೊಟ್ಟಿತು. ಇದು ಶ್ಲಾಘ್ಯವಾದರೂ ಔದಾರ್ಯ ಮಾತ್ರ. ಪರಂಪರೆಯ ರಕ್ಷಣೆ ದಾನಿಯ ಮನಸ್ಸನ್ನು ಕಾಯುತ್ತ ಕೂರುವಂತಿಲ್ಲ. ವಿಂಡೋಸ್ ೯೮ಕ್ಕೆ ೨೦೦೬ರಲ್ಲಿ, ಎಕ್ಸ್‌ಪಿಗೆ ೨೦೧೪ರಲ್ಲಿ ತಯಾರಕರ ಬೆಂಬಲ ನಿಂತಿತು. ಆ ದಿನಾಂಕಗಳು ವ್ಯಾಪಾರದ ಲೆಕ್ಕದವು. ಅವುಗಳ ಮೇಲೆ ಬರೆದ ಕನ್ನಡಕ್ಕೆ ಅವು ಅಂತಿಮ ದಿನಗಳಾಗಬೇಕಿಲ್ಲ.

ಇದಕ್ಕೆ ಎದುರಾದ ಮಾದರಿಯೊಂದು ಯೂನಿಕೋಡಿನಲ್ಲಿದೆ. ಹಳಗನ್ನಡದ ೞಕಾರಕ್ಕೆ ಆ ಮಾನಕದಲ್ಲಿ ‘ಎಫ್‌ಎ’ ಎಂಬ ತಪ್ಪು ಹೆಸರು ಬಿದ್ದಿದೆ. ತಪ್ಪೆಂದು ತಿಳಿದ ಮೇಲೂ ಅದನ್ನು ಅಳಿಸಿಲ್ಲ. ಸರಿಯಾದ ಪರ್ಯಾಯನಾಮವನ್ನು ಪಕ್ಕದಲ್ಲಿ ಕೊಟ್ಟಿದ್ದಾರೆ. ಒಮ್ಮೆ ಕೊಟ್ಟ ಸಂಕೇತವನ್ನು ನಂಬಿ ಬರೆದವರನ್ನು ನಡುದಾರಿಯಲ್ಲಿ ಬಿಡಬಾರದೆಂಬ ನೀತಿ ಇದರ ಹಿಂದಿದೆ. ತಂತ್ರಜ್ಞಾನದ ನೀತಿಗೆ ನಾವು ಕೇಳುವುದೂ ಇಷ್ಟನ್ನೇ.

ಎರಡು ಆಕ್ಷೇಪಗಳನ್ನು ಮಾತ್ರ ನಾವು ಗೌರವದಿಂದ ಒಪ್ಪುತ್ತೇವೆ. ಬೆಂಬಲ ನಿಂತ ವ್ಯವಸ್ಥೆಯನ್ನು ಜಾಲಕ್ಕೆ ಜೋಡಿಸುವುದು ಅಪಾಯಕಾರಿ. ಆದ್ದರಿಂದ ಅದನ್ನು ಪ್ರತ್ಯೇಕವಾಗಿ, ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದೊಳಗೆ ನಡೆಸಬೇಕು. ಎರಡನೆಯದಾಗಿ, ಫ್ಲಾಪಿಯಲ್ಲಿ ಹಸ್ತಪ್ರತಿಯ ಜೊತೆಗೆ ಮದುವೆಯ ಮಾತುಕತೆಯ ಪತ್ರ, ಸಾಲದ ಲೆಕ್ಕಗಳೂ ಇರಬಹುದು. ಉಳಿಸುವ ಹಕ್ಕು ಓದಿ ಸಾರುವ ಹಕ್ಕಲ್ಲ. ಕುಟುಂಬದವರ ಸಮ್ಮತಿಯೂ ಮುಚ್ಚಿಡುವ ಅವಧಿಯೂ ನಿಗದಿಯಾಗಬೇಕು.

೧೯೫೪ರ ಕಾಯಿದೆಯ ‘ಪುಸ್ತಕ’ ತಂತ್ರಾಂಶವನ್ನು ಒಳಗೊಳ್ಳಬೇಕು. ೨೦೧೨ರ ಷರತ್ತು ಅಂಕೀಯವಾಗಿಯೇ ಹುಟ್ಟಿದ ಕೃತಿಗಳ ಮಟ್ಟಿಗೆ ಸಡಿಲಬೇಕು. ಶಾಸನಸಭೆಯನ್ನು ಕಾಯದೆ ನಾವೇ ಮಾಡಬಹುದಾದ ಕೆಲಸವೂ ಉಂಟು. ಓಲೆಯ ಪ್ರತಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಊರು, ತಿಥಿಗಳನ್ನು ಬರೆದಿಡುತ್ತಿದ್ದ. ಅದೇ ರೀತಿ ಇಂದಿನ ಪ್ರಕಾಶಕರು ಅಕ್ಷರಶೈಲಿ, ತಂತ್ರಾಂಶದ ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ ಇವನ್ನು ಗ್ರಂಥದ ಕೊನೆಯಲ್ಲಿ ನಮೂದಿಸಬೇಕು. ಮುದ್ರಿತ ಪ್ರತಿಯೊಡನೆ ಕಡತವನ್ನೂ ಕನ್ನಡ ವಿಭಾಗಗಳಿಗೆ ಒಪ್ಪಿಸಬೇಕು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಶಿಸ್ತು ಬೇಕು. ಮುಂಬಯಿ ಕನ್ನಡಿಗರ ಒಂದು ದಶಕದ ಬರಹ ಇನ್ನೂ ಫ್ಲಾಪಿಗಳಲ್ಲಿ ಕಾದಿದೆ. ಕಾಂತೀಯ ಲೇಪ ಅಳಿಯುವ ಮುನ್ನ ಅವನ್ನು ತೆರೆಯಬೇಕಾಗಿದೆ.