ನಾಲ್ಕು ಬೋಲ್ಟಿನ ಕೆಲಸವೆಂಬ ಖ್ಯಾತಿ

'ಶಾಕಬ್ಸರ್ ಬದಲಾಯ್ಸಕ್ಕೆ ಗ್ಯಾರೇಜ್ ಯಾಕಣ್ಣ, ನಾಕು ಬೋಲ್ಟಿನ ಕೆಲ್ಸ.' ಪಾಂಡವಪುರದ ಸುತ್ತ ದೊಡ್ಡ ಗಾಡಿ ನಿಂತಿರುವ ಯಾವ ಹಟ್ಟಿ ಮುಂದೆ ಹೋದರೂ ಈ ಮಾತು ಕೇಳುತ್ತದೆ. ಹೊಂಗೆಮರದ ನೆರಳು, ಎರಡು ಜಾಕಿ, ಒಂದು ಸೆಟ್ ಸ್ಪ್ಯಾನರು, ಭಾನುವಾರದ ಒಂದು ಬೆಳಗು ಇದ್ದರೆ ಸಾಕು ಎನ್ನುವ ಈ ಮನೆಗೆಲಸಕ್ಕೆ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೂ ಹೆಸರಿದೆ. ಆ ಹೆಸರಿನಲ್ಲಿ ಅರ್ಧ ನ್ಯಾಯವಾದದ್ದು, ಅರ್ಧ ಊದಿಸಿದ್ದು. ಎಷ್ಟು ಬೇಗ ಬಿಚ್ಚಿದ ಎಂಬುದನ್ನೇ ನಾವು ಮೆಚ್ಚುತ್ತ ಬಂದಿದ್ದೇವೆ. ಹೇಗೆ ಬಿಗಿದ ಎಂದು ಯಾರೂ ಬಗ್ಗಿ ನೋಡಿಲ್ಲ.

ಭಾರ ಹೊರುವುದು ಸ್ಪ್ರಿಂಗು ಇಲ್ಲವೇ ಕಮಾನು ಪ್ಲೇಟು, ಅದರ ಕುಣಿತವನ್ನು ಎಣ್ಣೆಯಲ್ಲಿ ಅಡಗಿಸುವುದು ಶಾಕ್ ಅಬ್ಸಾರ್ಬರು. ಗಾಡಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ, ಕಬ್ಬಿನ ಟ್ರ್ಯಾಕ್ಟರು ಓಡಾಡಿ ಹಳ್ಳಬಿದ್ದ ದಾರಿಗಳಲ್ಲಿ ಅದು ಸವೆಯುತ್ತದೆ. ಸವೆದದ್ದು ಗೊತ್ತಾಗುವುದು ಮಾತ್ರ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. ಊರ ದಾರಿಯಲ್ಲಿ ಬರೀ ಕುಲುಕಾಟವಾಗಿದ್ದದ್ದು ಅಲ್ಲಿ ತೇಲಾಟವಾಗುತ್ತದೆ, ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ಬಾಗುತ್ತದೆ.

ಈಗ ಆ ಕೊನೆಯ ಬಿಗಿತದ ವಿಷಯಕ್ಕೆ ಬರುತ್ತೇನೆ. ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳತುದಿಯಲ್ಲಿ ಒಂದು ಬಳೆ, ಬಳೆಯೊಳಗೆ ರಬ್ಬರ್ ಬುಷ್, ಬುಷ್‌ನ ನಡುವೆ ಒಂದು ಉಕ್ಕಿನ ಕೊಳವೆ. ಬೋಲ್ಟು ಬಿಗಿದಾಗ ಈ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ತಿರುಗುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರು. ನಮ್ಮವರು ಮಾಡುವುದೇನು? ಗಾಡಿಯನ್ನು ಜಾಕಿಯಲ್ಲಿ ಎತ್ತಿ, ಹಿಂದಿನ ಹೌಸಿಂಗು ಪೂರ್ತಿ ಕೆಳಗೆ ಜೋತಾಡುತ್ತಿರುವಾಗಲೇ ಮೈಮೇಲಿನ ಬಲವನ್ನೆಲ್ಲ ಹಾಕಿ ಬೋಲ್ಟು ಬಿಗಿಯುತ್ತಾರೆ. ಗಾಡಿ ನೆಲಕ್ಕಿಳಿದ ಕೂಡಲೇ ಕೋನ ಬದಲಾಗುತ್ತದೆ, ರಬ್ಬರು ಆಗಲೇ ತಿರುಚಿಕೊಂಡಿರುತ್ತದೆ. ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಹಂಪ್ ಹಾರಿದಾಗ ತಿರುಚಿದ್ದರ ಮೇಲೆ ಮತ್ತೆ ತಿರುಚು. ನಾನೂ ಒಮ್ಮೆ ಹೀಗೆ ಬಿಗಿದೆ. ಕೆ.ಆರ್.ಪೇಟೆಯಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ ಕಿರ್ರೆನ್ನುವ ಸದ್ದು ಶುರುವಾಗಿ, ಒಂದು ಮಳೆಗಾಲ ಕಳೆಯುವುದರೊಳಗೆ ಬುಷ್ ಹರಿದಿತ್ತು. ಶಾಕ್ ಅಬ್ಸಾರ್ಬರು ಹೊಸದಾಗಿಯೇ ಇತ್ತು.

ಇದಕ್ಕೆ ಬೇಕಾದದ್ದು ಒಂದು ಅಳತೆ ಟೇಪು. ಗಾಡಿ ಎತ್ತುವ ಮೊದಲು ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಬೇಕು. ಬೋಲ್ಟುಗಳನ್ನು ಕೈಬಿಗಿಯಲ್ಲಷ್ಟೇ ಕೂರಿಸಿ, ಹೌಸಿಂಗಿನ ಕೆಳಗಿನ ಎರಡನೇ ಜಾಕಿಯನ್ನು ಅದೇ ಅಳತೆ ಬರುವವರೆಗೆ ಮೆಲ್ಲಗೆ ಏರಿಸಬೇಕು. ಮೈಭಾರ ಹೊತ್ತ ಸ್ಟ್ಯಾಂಡಿನಿಂದ ಚಾಸಿ ಮೇಲೇಳಲು ಬಿಡಬಾರದು. ಆಮೇಲೆ ಕೊನೆಯ ಸುತ್ತು. ಚಕ್ರ ನೆಲದ ಮೇಲಿರುವಾಗ ಕೈ ಹೋಗುವ ಜಾಗವಿದ್ದರೆ ಇನ್ನೂ ಒಳ್ಳೆಯದು. ಈ ಎರಡನೇ ಜಾಕಿ ಬರೀ ಬುಷ್‌ಗಲ್ಲ. ಹಳೆಯ ಶಾಕ್ ಅಬ್ಸಾರ್ಬರು ಬಿಚ್ಚಿದ ಮೇಲೆ ಹೌಸಿಂಗು ಇನ್ನಷ್ಟು ಕೆಳಗಿಳಿದು ಬ್ರೇಕ್ ಹೋಸನ್ನು ಜಗ್ಗುತ್ತದೆ. ನಾಗಮಂಗಲದ ಕೆಮ್ಮಣ್ಣಿನ ಅಂಗಳದಲ್ಲಿ ಜಾಕಿಯ ಅಡಿಗೆ ದಪ್ಪ ಹಲಗೆ ಇಲ್ಲದೆ ಎರಡು ಟನ್ ಗಾಡಿಯ ಕೆಳಗೆ ನುಸುಳುವವರನ್ನು ಕಂಡರೆ ನನಗೆ ನಿಜಕ್ಕೂ ಜೀವ ಹೋದಂತಾಗುತ್ತದೆ.

ಇಷ್ಟಕ್ಕೂ ಬದಲಾಯಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಇಲ್ಲಿ ನನಗೆ ಹಿರಿಯ ಮೇಸ್ತ್ರಿಗಳ ಜೊತೆ, ಅವರ ಮಾತನ್ನೇ ತಿರುಗಿಸಿ ಬರೆಯುವ ವಾಹನ ಅಂಕಣಕಾರರ ಜೊತೆ ಹಳೆಯ ಜಗಳವಿದೆ. ಬಂಪರ್ ಅದುಮಿ ಬಿಡು, ಎರಡು ಸಲಕ್ಕಿಂತ ಹೆಚ್ಚು ಕುಣಿಯದಿದ್ದರೆ ಗಟ್ಟಿಯಾಗಿದೆ ಎನ್ನುತ್ತಾರೆ. ಹಗುರವಾದ ಸಣ್ಣ ಕಾರಿಗೆ ಈ ಪರೀಕ್ಷೆ ಒಂದು ಮಟ್ಟಿಗೆ ಸಲ್ಲುತ್ತದೆ. ದೊಡ್ಡ ಗಾಡಿಯನ್ನು ಒಬ್ಬ ಮನುಷ್ಯ ಎಷ್ಟು ಅದುಮಬಲ್ಲ? ಹೆಚ್ಚೆಂದರೆ ಒಂದಿಂಚು, ಅದೂ ನಿಧಾನಕ್ಕೆ. ಕಮಾನು ಪ್ಲೇಟಿನ ಗಾಡಿಯಾದರೆ ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಂಡೇ ಆ ಕುಣಿತವನ್ನು ನಿಲ್ಲಿಸಿಬಿಡುತ್ತವೆ. ಗುಂಡಿಗೆ ಚಕ್ರ ಬಿದ್ದಾಗ ಪಿಸ್ಟನ್ನು ಓಡುವ ವೇಗವೇ ಬೇರೆ, ಬಿಸಿಯಾಗಿ ತೆಳುವಾದ ಎಣ್ಣೆಯ ಸ್ಥಿತಿಯೇ ಬೇರೆ. ಈ ಪರೀಕ್ಷೆಯಲ್ಲಿ ಸೋತ ಶಾಕ್ ಅಬ್ಸಾರ್ಬರು ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಗೆದ್ದದ್ದು ಚೆನ್ನಾಗಿದೆ ಎಂದು ಹೇಳುವಂತಿಲ್ಲ. ಈ ವ್ಯತ್ಯಾಸವನ್ನು ಅವರು ಒಮ್ಮೆಯೂ ಒಪ್ಪಿದ್ದನ್ನು ನಾನು ಕಂಡಿಲ್ಲ. ಟೈರಿನ ಮೇಲೆ ಅಂಗೈ ಆಡಿಸಿ, ರಬ್ಬರು ಅಲೆಅಲೆಯಾಗಿ ಸವೆದಿದೆಯೇ ನೋಡಿ. ಕೊಳವೆಯ ಮೇಲೆ ಎಣ್ಣೆ ಇಳಿದು ಧೂಳು ಅಂಟಿದೆಯೇ ನೋಡಿ. ಸೋರಿದ್ದೊಂದನ್ನೇ ಬದಲಿಸಿ ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದ ಗಾಡಿ ತಿರುವಿನಲ್ಲಿ ಎರಡು ಮನಸ್ಸಿನಲ್ಲಿ ಓಡುತ್ತದೆ. ಬದಲಿಸಿದರೆ ಜೋಡಿಯನ್ನೇ ಬದಲಿಸಬೇಕು.

ಹಿಂದಿನ ಜೋಡಿ ಮನೆಯಲ್ಲಿ ಮಾಡಬೇಕಾದ ಕೆಲಸವೇ. ಅವಸರದ ಗ್ಯಾರೇಜಿಗಿಂತ ತಾಳ್ಮೆಯ ಮಾಲೀಕ ಅದನ್ನು ಚೆನ್ನಾಗಿ ಮಾಡುತ್ತಾನೆ. ಮುಂದಿನದಕ್ಕೆ ಆ ಹೊಗಳಿಕೆ ಸಲ್ಲದು. ನಮ್ಮ ಬಿಡದಿಯಲ್ಲೇ ತಯಾರಾಗುವ ಫಾರ್ಚೂನರಿನಂಥ ಗಾಡಿಗಳಲ್ಲಿ ಮುಂದಿನ ಶಾಕ್ ಅಬ್ಸಾರ್ಬರನ್ನು ಸುತ್ತಿಕೊಂಡೇ ಸ್ಪ್ರಿಂಗು ಕೂತಿರುತ್ತದೆ. ಅದುಮಿ ಹಿಡಿದ ಸ್ಪ್ರಿಂಗು ಕ್ಲ್ಯಾಂಪಿನಿಂದ ಜಾರಿದರೆ ಕೈ, ಮುಖ ಉಳಿಯುವುದಿಲ್ಲ. ಇಡೀ ಜೋಡಣೆಯನ್ನು ಮನೆಯಲ್ಲೇ ಕಳಚಿ, ಪ್ರೆಸ್ ಇರುವ ಅಂಗಡಿಗೆ ಒಯ್ದು ಹೊಸದಕ್ಕೆ ಸ್ಪ್ರಿಂಗು ಕಟ್ಟಿಸಿ ತಂದು, ಮತ್ತೆ ಮನೆಯಲ್ಲೇ ಕೂರಿಸುವವರು ಕೆ.ಆರ್.ಪೇಟೆಯ ಕಡೆ ಇದ್ದಾರೆ. ಅದನ್ನು ಅರೆಗೆಲಸವೆಂದು ಹೀಗಳೆಯುವುದನ್ನು ಕೇಳಿದ್ದೇನೆ. ನಾನು ಕಂಡ ಅತ್ಯುತ್ತಮ ಕೆಲಸ ಅದೇ. ಅಲ್ಲಿ ಕೆಳಗಿನ ತೋಳಿನ ಬೋಲ್ಟು ಸಹ ಗಾಡಿ ನೆಲಕ್ಕಿಳಿಯುವವರೆಗೆ ಕೈಬಿಗಿಯಲ್ಲೇ ಕಾಯುತ್ತಿತ್ತು.