ಧನ್ವಂತರಿಯ ಹೆಸರಿನ ಗೋಮಸೂರಿಕಾ ವಾಕ್ಯ: ಒಂದು ವಿಮರ್ಶೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಹಳೆಯ ಮಾತಿನಲ್ಲಿ ಸಿಡುಬಿಗೂ ‘ದೇವಿ’ ಎಂದೇ ಹೆಸರು. ಅದನ್ನು ತಡೆಯಲು ತೋಳಿಗೆ ಚುಚ್ಚುತ್ತಿದ್ದ ಲಸಿಕೆಗೂ ‘ದೇವಿ’ ಎಂದೇ ಹೆಸರು. ರೋಗವು ‘ದೇವಿ ಬರುವುದು’, ಲಸಿಕೆಯು ‘ದೇವಿ ಹಾಕಿಸುವುದು’. ಈ ಪ್ರಯೋಗದ ಮಹತ್ವವು ಮುಂದೆ ವ್ಯಕ್ತವಾಗುವುದು.

ಜೆನ್ನರನು 1798ರಲ್ಲಿ ಗೋಮಸೂರಿಕೆಯ ಲಸಿಕೆಯನ್ನು ಪ್ರಕಟಪಡಿಸುವುದಕ್ಕೆ ಬಹು ಪೂರ್ವದಲ್ಲಿಯೇ ಭಾರತೀಯ ವೈದ್ಯರು ಅದನ್ನು ಬಲ್ಲವರಾಗಿದ್ದರೆಂಬ ವಾದವು ಇಂದಿಗೂ ಪುಸ್ತಕಗಳಲ್ಲಿ ಪುನರುಕ್ತವಾಗುತ್ತಿದೆ. ಇದಕ್ಕೆ ತೋರಿಸುವ ಆಧಾರವು ಧನ್ವಂತರಿಕೃತವೆನ್ನಲಾದ ‘ಶಾಕ್ತೇಯ ಗ್ರಂಥ’ದ ಒಂದು ವಾಕ್ಯ. ಹಸುವಿನ ಕೆಚ್ಚಲಿನ ಬೊಕ್ಕೆಯ ರಸವನ್ನಾಗಲಿ ಮನುಷ್ಯನ ತೋಳಿನ ಬೊಕ್ಕೆಯ ರಸವನ್ನಾಗಲಿ ಶಸ್ತ್ರದ ತುದಿಯಲ್ಲಿ ತೆಗೆದು, ತೋಳಿನಲ್ಲಿ ರಕ್ತ ಕಾಣುವಂತೆ ಚುಚ್ಚಿ ಸೇರಿಸಬೇಕೆಂಬುದು ಅದರ ತಾತ್ಪರ್ಯ. ಇದು ಬೆಳಕಿಗೆ ಬಂದುದು 1819ರ ಜನವರಿಯಲ್ಲಿ, ‘ಮದರಾಸ್ ಕೊರಿಯರ್’ ಪತ್ರಿಕೆಗೆ ‘ಕಲ್ವಿ ವಿರುಂಬೋನ್’ ಎಂಬವನು ಬರೆದ ಪತ್ರದಲ್ಲಿ. ತಮಿಳಿನಲ್ಲಿ ಆ ಹೆಸರಿಗೆ ‘ವಿದ್ಯೆಯನ್ನು ಬಯಸುವವನು’ ಎಂದರ್ಥ. ವಿದ್ಯೆಯನ್ನು ಬಯಸಿದವನು ತನ್ನ ನಿಜನಾಮವನ್ನೇಕೆ ಮರೆಮಾಡಿದನೋ!

ಸುಶ್ರುತನು ಮಸೂರಿಕೆಯನ್ನು ಕ್ಷುದ್ರರೋಗಗಳಲ್ಲಿ ಎಣಿಸಿ ಮುಂದೆ ಸಾಗುತ್ತಾನೆ. ಮಾಧವಕರನ ನಿದಾನದಲ್ಲಿ ಅದಕ್ಕೆ ಪ್ರತ್ಯೇಕ ಪ್ರಕರಣವಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ಶೀತಲೆಯ ಸ್ತೋತ್ರವನ್ನೂ ಸೇರಿಸಿದ್ದಾನೆ. ಇವರಲ್ಲಿ ಒಬ್ಬರೂ ಗೋವಿನ ಬೊಕ್ಕೆಯ ರಸವನ್ನು ಹೇಳಿಲ್ಲ. ಮೌನವು ತಾನೇ ಪ್ರಮಾಣವಾಗದು, ನಿಜ. ಆದರೆ ರೋಗಗ್ರಸ್ತವಾದ ಹಸುವಿನ ಕೀವನ್ನು ಮನುಷ್ಯನ ರಕ್ತದಲ್ಲಿ ಬೆರೆಸುವ ವಿಧಿಯೊಂದು ಶಾಸ್ತ್ರದಲ್ಲಿದ್ದಿದ್ದರೆ, ವೈದ್ಯರು ಸುಮ್ಮನಿದ್ದರೂ ಧರ್ಮಶಾಸ್ತ್ರಜ್ಞರು ಸುಮ್ಮನಿರುತ್ತಿದ್ದರೆ? ಶುದ್ಧಿ, ಪ್ರಾಯಶ್ಚಿತ್ತಗಳ ಚರ್ಚೆ ಹುಟ್ಟಲೇಬೇಕಾಗಿತ್ತು. ಅದರ ಸುಳಿವೂ ಇಲ್ಲ. ಇನ್ನು ಹಸುವಿನಿಂದಲೂ ತೋಳಿನಿಂದ ತೋಳಿಗೂ ಎಂಬ ಎರಡು ಕ್ರಮಗಳ ಜೋಡಣೆಯು ಜೆನ್ನರನ ಕಾಲದ ಪದ್ಧತಿಯ ಪಡಿಯಚ್ಚೇ ಆಗಿದೆ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಈ ಲಸಿಕೆಯನ್ನು ಹಾಕಿದ ಮೇಲೆ ಅದು ದೇಶದಲ್ಲಿ ಹಬ್ಬಿದ್ದೂ ಹೀಗೆ ತೋಳಿನಿಂದ ತೋಳಿಗೇ.

ಬಂಗಾಳದಲ್ಲಿ ಸಿಡುಬಿನ ರಸವನ್ನೇ ಚುಚ್ಚುವ ರೂಢಿಯಿದ್ದುದನ್ನು ಹಾಲ್ವೆಲ್ 1767ರಲ್ಲಿ ವರ್ಣಿಸಿದ್ದಾನೆ, ಅದು ಸತ್ಯ. ಆದರೆ ಅದು ಮನುಷ್ಯರೋಗದ ರಸ, ಗೋವಿನದಲ್ಲ. ಎರಡನ್ನೂ ಕಲಸಿದುದರಿಂದಲೇ ಭ್ರಾಂತಿಯು ಬೆಳೆದಿದೆ.

ಮದರಾಸಿನ ಕಲೆಕ್ಟರನಾಗಿದ್ದ ಎಲ್ಲಿಸನು ಜನರನ್ನು ಒಪ್ಪಿಸಲೆಂದು ಗೋಮಸೂರಿಕೆಯ ಮೇಲೆ ತಮಿಳಿನಲ್ಲಿ ಪುರಾಣರೀತಿಯ ಕಥೆಯೊಂದನ್ನು ಕಟ್ಟಿದ್ದನು. ಈ ಪ್ರಕರಣವನ್ನು ಶೋಧಿಸಿದ ಡಾಮಿನಿಕ್ ವುಜಾಸ್ಟಿಕ್ ಎಂಬ ಸಂಸ್ಕೃತ ವಿದ್ವಾಂಸರು ಇದನ್ನು ಸದುದ್ದೇಶದ ವಂಚನೆಯೆಂದು ಕರೆದಿದ್ದಾರೆ. ಉದ್ದೇಶವು ಲೋಕಹಿತವೇ ಇರಬಹುದು; ಆದರೂ ಕೂಟವಾಕ್ಯವು ಕೂಟವಾಕ್ಯವೇ. ಋಷಿಯ ಹೆಸರಿನಲ್ಲಿ ಹುಸಿಯನ್ನು ನುಡಿಸಿದರೆ, ಆ ಋಷಿಯ ನಿಜವಾದ ಮಾತಿನಲ್ಲಿಯೂ ಸಂಶಯವು ಹುಟ್ಟುವುದು.

ಮೇಲಾಗಿ ಇದು ಅನಾವಶ್ಯಕವೂ ಆಗಿತ್ತು. ಗೋವಿನ ಮೇಲಣ ಪೂಜ್ಯಭಾವವೇ ಲಸಿಕೆಗೆ ದಾರಿಯಾಗುವುದೆಂದು ಮದರಾಸಿನ ಬರೆಹಗಾರರು ಎಣಿಸಿದರು. ಗೋಕಾಕ ಸೀಮೆಯ ಕನ್ನಡವಾದರೋ ಗೋವನ್ನು ಬಿಟ್ಟು ದೇವಿಯನ್ನು ಹಿಡಿಯಿತು. ರೋಗದ ಹೆಸರನ್ನೇ ಮದ್ದಿಗೆ ಕೊಟ್ಟ ಈ ಲಕ್ಷಣಾವೃತ್ತಿಯಲ್ಲಿ, ಅದೇ ಜಾತಿಯ ಅಲ್ಪರೋಗವು ಮಹಾರೋಗವನ್ನು ತಡೆಯುತ್ತದೆಂಬ ತತ್ತ್ವವು, ಯಾರೂ ಉಪದೇಶಿಸದೆ, ಅಡಗಿ ಕುಳಿತಿದೆ. ಹಸುವು ಉಳಿದುದು ಲ್ಯಾಟಿನ್ನಿನ ‘ವಕ್ಕಾ’ ಎಂಬ ಗೋವಾಚಕ ಶಬ್ದದಿಂದ ಹುಟ್ಟಿದ ‘ವ್ಯಾಕ್ಸಿನ್’ ಎಂಬ ಪರಭಾಷೆಯ ಮಾತಿನಲ್ಲಿ. 1980ರಲ್ಲಿ ಸಿಡುಬು ಲೋಕದಿಂದ ಅಳಿದುಹೋಯಿತೆಂದು ಸಾರಲಾಯಿತು. ಲಸಿಕೆಗಾಗಿ ಕರುಗಳನ್ನು ಕಟ್ಟುತ್ತಿದ್ದ ಬೆಳಗಾವಿ ಟಿಳಕವಾಡಿಯ ಸ್ಥಳವನ್ನು ಜನರು ಈಗಲೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯುತ್ತಾರೆ.