‘ಆಮೇಲೆ’ ಎನ್ನುವ ಮಾತು

ಹೋದ ವರ್ಷ ತಾಲ್ಲೂಕು ಕೇಂದ್ರವೊಂದರಲ್ಲಿ ನಡೆದ ದಲಿತ ಸಾಹಿತ್ಯದ ವಿಚಾರಸಂಕಿರಣದಲ್ಲಿ ನಾನೊಂದು ಪ್ರಬಂಧ ಓದಿದೆ. ದಲಿತ ಬರವಣಿಗೆಯಲ್ಲಿ ಹೆಣ್ಣು ಹೇಗೆ ಬರುತ್ತಾಳೆ ಎನ್ನುವುದು ವಿಷಯ. ಗೋಷ್ಠಿ ಮುಗಿದು ಟೀ ಕುಡಿಯುತ್ತಾ ನಿಂತಿದ್ದಾಗ, ನಾನು ಬಹಳ ಗೌರವಿಸುವ ಹಿರಿಯ ಕಾರ್ಯಕರ್ತರೊಬ್ಬರು ಹತ್ತಿರ ಬಂದು ಮೆತ್ತಗೆ ಹೇಳಿದರು: “ಚೆನ್ನಾಗಿ ಓದ್ದೆ ಕಣವ್ವ. ಆದ್ರೆ ಮೊದ್ಲು ಈ ಜಾತಿ ಹಾಳಾಗೋಗ್ಲಿ. ಆಮೇಲೆ ನಿಮ್ದು ನೋಡಾಣ.” ಪಕ್ಕದಲ್ಲಿದ್ದ ನನ್ನ ವಾರಿಗೆಯ ಹುಡುಗನೊಬ್ಬ ಸ್ವಲ್ಪ ಖಾರವಾಗಿಯೇ ಸೇರಿಸಿದ: “ಮೇಡಂ ಆ ಕಡೆಯೋರ ಪುಸ್ತಕ ಜಾಸ್ತಿ ಓದ್ಬುಟ್ಟವ್ರೆ ಅಣ್ಣ.”

ಆ ಹಿರಿಯರು ಜೈಲು ಕಂಡವರು. ಭೂಮಿಗಾಗಿ, ಕೆರೆ ನೀರಿಗಾಗಿ ಲಾಠಿ ಏಟು ತಿಂದವರು. ಅವರ ಪೀಳಿಗೆ ಬೀದಿಗೆ ಇಳಿಯದೇ ಇದ್ದಿದ್ದರೆ ನಾನು ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವುದು ಸಾಧ್ಯವಿರಲಿಲ್ಲ. ಹಾಗಾಗಿ ಅಲ್ಲಿ ಎದುರಾಡಲಿಲ್ಲ, ನಕ್ಕು ಸುಮ್ಮನಾದೆ. ಸುಮ್ಮನಾದದ್ದು ತಪ್ಪು ಅಂತ ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಈ ಬರಹ ಆ ತಪ್ಪಿನ ತಿದ್ದುಪಡಿ.

ಸ್ತ್ರೀವಾದದ ವಿರುದ್ಧ ಹೇಳುವ ಮಾತುಗಳು ಎಣಿಸಿದರೆ ಐದಾರು. ಈಗ ಬೇಡ, ಆಮೇಲೆ, ಇದು ಪರದೇಶದ್ದು, ಮೇಲ್ಜಾತಿಯದ್ದು, ನಮ್ಮ ಹೆಂಗಸರು ಆಗಲೇ ಸ್ವತಂತ್ರರು, ಕಾನೂನಿನ ದುರುಪಯೋಗವಾಗುತ್ತಿದೆ, ಹೆಣ್ಣಿಗೆ ಹೆಣ್ಣೇ ಶತ್ರು, ಮನೆ ಮಾತನ್ನು ಬೀದಿಗೆ ತರಬಾರದು. ಆಶ್ಚರ್ಯವೆಂದರೆ ಇವೆಲ್ಲವನ್ನೂ ನಾವು ಹಿಂದೆಯೇ ಕೇಳಿದ್ದೇವೆ. ಬೇರೆಯವರ ಬಾಯಲ್ಲಿ, ನಮ್ಮ ವಿರುದ್ಧವೇ ಕೇಳಿದ್ದೇವೆ. ನಮ್ಮ ಮೇಲೆ ಬಿದ್ದ ಕಲ್ಲುಗಳನ್ನೇ ನಾವು ಜೋಪಾನವಾಗಿ ಎತ್ತಿಟ್ಟುಕೊಂಡು ನಮ್ಮ ಹೆಣ್ಣುಮಕ್ಕಳ ಕಡೆಗೆ ಎಸೆಯುತ್ತಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

‘ಮೊದಲು ಜಾತಿ’ ಎನ್ನುವ ವಾದವನ್ನೇ ತೆಗೆದುಕೊಳ್ಳೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಾಂಗ್ರೆಸ್ಸಿನ ಸುತ್ತ ಇದೇ ಜಗಳ ನಡೆಯಿತು. ಮೊದಲು ರಾಜಕೀಯ ಸುಧಾರಣೆಯೋ, ಸಾಮಾಜಿಕ ಸುಧಾರಣೆಯೋ? 1895ರ ಪುಣೆ ಅಧಿವೇಶನದಲ್ಲಿ, ಕಾಂಗ್ರೆಸ್ಸಿನ ಚಪ್ಪರವನ್ನು ಸಾಮಾಜಿಕ ಪರಿಷತ್ತಿಗೆ ಬಿಟ್ಟುಕೊಟ್ಟರೆ ಅದಕ್ಕೆ ಬೆಂಕಿ ಇಡುತ್ತೇವೆಂದು ವಿರೋಧಿಗಳು ಬೆದರಿಸಿದರು. ಅಂಬೇಡ್ಕರ್ 1936ರಲ್ಲಿ ‘ಜಾತಿ ವಿನಾಶ’ದ ಭಾಷಣವನ್ನು ಕಟ್ಟಲು ಹೊರಡುವುದು ಈ ಕಥೆಯಿಂದಲೇ. ಮೊದಲು ಸ್ವರಾಜ್ಯ ಬರಲಿ, ಕೇರಿಯ ವಿಷಯ ಆಮೇಲೆ ಎಂದವರಿಗೆ ಅವರು ಕೇಳಿದ ಪ್ರಶ್ನೆಯ ತಿರುಳು ಇಷ್ಟೇ: ನಿಮ್ಮದೇ ಜನರಿಗೆ ಬಾವಿಯ ನೀರು, ಬೀದಿ, ಶಾಲೆ ಕೊಡದ ನೀವು ಯಾವ ಮುಖ ಇಟ್ಟುಕೊಂಡು ಅಧಿಕಾರ ಕೇಳುತ್ತೀರಿ? ‘ಆಮೇಲೆ’ ಎನ್ನುವುದು ಕಾಲವನ್ನು ಸೂಚಿಸುವ ಪದವಲ್ಲ, ಸ್ಥಾನವನ್ನು ಸೂಚಿಸುವ ಪದ ಎಂದು ನಮಗೆ ಕಲಿಸಿಕೊಟ್ಟವರು ಬಾಬಾಸಾಹೇಬರು. ಊಟದ ಪಂಕ್ತಿಯಲ್ಲಿ ‘ಆಮೇಲೆ’ ಕೂರುವವರು ಯಾರು ಎಂಬುದು ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಇನ್ನೊಂದು ಮಾತಿದೆ. ಜಾತಿ ಮೊದಲು ಹೋಗಲಿ ಅನ್ನುವವರು ಜಾತಿ ಎಲ್ಲಿದೆ ಅಂತ ನೋಡಬೇಕಲ್ಲ! 1916ರಲ್ಲಿ, ಇನ್ನೂ 25ರ ವಯಸ್ಸಿನ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ ಪ್ರಬಂಧದಲ್ಲಿ ಅದನ್ನು ಹುಡುಕಿದರು. ಜಾತಿಯ ಜೀವ ಇರುವುದು ಒಳಮದುವೆಯಲ್ಲಿ ಎಂದರು. ಗಂಡ ಸತ್ತ ಹೆಣ್ಣು ಜಾತಿಯ ಬೇಲಿ ದಾಟಬಹುದು, ಆದ್ದರಿಂದ ಅವಳನ್ನು ಸುಡು. ಇಲ್ಲವೇ ಬದುಕಿಡೀ ವಿಧವೆಯಾಗಿ ಕೂರಿಸು. ಹೆಂಡತಿ ಸತ್ತ ಗಂಡಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ಕಟ್ಟು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ, ಈ ಮೂರೂ ಜಾತಿಯನ್ನು ಕಾಯುವ ಉಪಾಯಗಳು ಎಂಬುದು ಅವರ ವಿವರಣೆ. ಎಂದರೆ ಜಾತಿಯ ಬೇಲಿ ಹಾದುಹೋಗುವುದು ಹೆಣ್ಣಿನ ಮೈಮೇಲೆ. ಬೇಲಿ ಕೀಳಬೇಕು, ಆದರೆ ಬೇಲಿ ನಿಂತಿರುವ ನೆಲವನ್ನು ಮುಟ್ಟಬಾರದು ಅಂದರೆ ಹೇಗೆ? ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ನಮ್ಮ ಹುಡುಗನನ್ನು ಕೊಚ್ಚಿದಾಗ ನಾವು ಬೀದಿಗೆ ಬರುತ್ತೇವೆ, ಬರಲೇಬೇಕು. ಆದರೆ ಬಲಗೈಯವರ ಹುಡುಗಿ ಎಡಗೈಯವರ ಹುಡುಗನನ್ನು ಮೆಚ್ಚಿದಾಗ ನಮ್ಮ ಕೇರಿಯಲ್ಲಿ ಪಂಚಾಯ್ತಿ ಸೇರಿಸುವವರು ಯಾರು? ಹುಡುಗಿಯ ಮೊಬೈಲು ಕಿತ್ತುಕೊಂಡು ಕಾಲೇಜು ಬಿಡಿಸುವವರು ಯಾರು? ಇಂಥ ಹುಡುಗಿಯರು ನನ್ನ ತರಗತಿಯಿಂದ ಒಂದು ದಿನ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿ ಹಾಕುತ್ತಾ ಹೋಗುವುದು ನನ್ನ ಕೆಲಸ.

ಎರಡನೆಯದು, ‘ಆ ಕಡೆಯೋರ ಪುಸ್ತಕ’ ಎಂಬ ಆಪಾದನೆ. ಇದರಲ್ಲಿ ಸತ್ಯವಿಲ್ಲ ಅಂತಲ್ಲ. ನಾನು ಓದಿದ ಬಹುಪಾಲು ಸ್ತ್ರೀವಾದಿ ವಿಮರ್ಶೆಯಲ್ಲಿ ಹೊಸ್ತಿಲು, ಅಡುಗೆಮನೆ, ನಡುಮನೆಯ ಕತ್ತಲೆ ಇವೇ ಮತ್ತೆ ಮತ್ತೆ ಬರುವ ರೂಪಕಗಳು. ಹೊಸ್ತಿಲು ದಾಟುವುದೇ ಬಿಡುಗಡೆಯಾದರೆ ನನ್ನ ಅವ್ವ ಹುಟ್ಟಿದ್ದೇ ಬಿಡುಗಡೆಯಲ್ಲಿ. ಅವಳು ಬೆಳಕು ಹರಿಯುವ ಮುಂಚೆ ಹೊಸ್ತಿಲು ದಾಟದಿದ್ದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. 1990ರಲ್ಲಿ ಮಂಡಲ್ ವರದಿಯ ವಿರುದ್ಧ ದೆಹಲಿಯ ಬೀದಿಗಿಳಿದ ಕಾಲೇಜು ಹುಡುಗಿಯರು, ನಮಗೆ ನಿರುದ್ಯೋಗಿ ಗಂಡಂದಿರು ಬೇಡ ಎಂಬ ಫಲಕ ಹಿಡಿದಿದ್ದರು. ಕೆಲಸ ತಮಗೆ ಬೇಕು ಅಂತಲ್ಲ, ತಮ್ಮ ಜಾತಿಯ ಗಂಡುಗಳಿಗೆ ಬೇಕು ಅಂತ! ಹಿಂದುಳಿದ ಜಾತಿಯ, ದಲಿತ ಜಾತಿಯ ಗಂಡು ತಮಗೆ ಗಂಡನಾಗಬಹುದು ಎಂಬುದು ಆ ಫಲಕದ ಊಹೆಗೂ ನಿಲುಕದ ಸಂಗತಿ. ದಲಿತ ಮಹಿಳೆಯರ ದನಿಯೇ ಬೇರೆ ಎಂದು ಗೋಪಾಲ್ ಗುರು 1995ರಲ್ಲಿ ಬರೆದಾಗ ಅವರು ಗುರುತಿಸಿದ್ದು ಈ ಕುರುಡನ್ನು. ಅದೇ ಲೇಖನದಲ್ಲಿ ಅವರು ದಲಿತ ಗಂಡಸರ ಯಜಮಾನಿಕೆಯನ್ನೂ ಬಿಟ್ಟಿರಲಿಲ್ಲ. ನಮ್ಮ ಗೆಳೆಯರು ಮೊದಲರ್ಧವನ್ನು ಮಾತ್ರ ಬಾಯಿಪಾಠ ಮಾಡಿದ್ದಾರೆ.

ಆದರೆ ಹೆಣ್ಣಿನ ಪ್ರಶ್ನೆಯೇ ಆ ಕಡೆಯವರ ಆಸ್ತಿಯೇ? ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾ 1855ರಲ್ಲಿ ಬರೆದ ಪ್ರಬಂಧದಲ್ಲಿ ಮಾಂಗ್-ಮಹಾರರ ಮೇಲಿನ ದೌರ್ಜನ್ಯವೂ ಇದೆ, ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ಹೆಂಗಸರ ಸಂಕಟವೂ ಇದೆ. ಆ ಹುಡುಗಿಗೆ ಎರಡೂ ಒಂದೇ ನೋವಾಗಿ ಕಂಡಿತ್ತು. ಬೇರೆ ಬೇರೆ ಮಾಡಿದವರು ಆಮೇಲಿನ ಪಂಡಿತರು. ಹಿಂದೂ ಸಂಹಿತೆ ಮಸೂದೆ ಬಿದ್ದುಹೋದಾಗ, 1951ರಲ್ಲಿ ಮಂತ್ರಿಪದವಿ ಬಿಟ್ಟು ಹೊರಬಂದವರು ಅಂಬೇಡ್ಕರ್. ರಾಜೀನಾಮೆಗೆ ಅವರು ಕೊಟ್ಟ ಕಾರಣಗಳಲ್ಲಿ ಅದೂ ಒಂದು. ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆಯನ್ನು ತಡೆಯಹೋಗಿ ಏಟು ತಿಂದವರಲ್ಲಿ ದಲಿತ ಸಂಘರ್ಷ ಸಮಿತಿಯವರಿದ್ದರು. ಇವತ್ತು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಲೈಂಗಿಕ ಕಿರುಕುಳದ ವಿರುದ್ಧ ಒಂದು ಕಾನೂನಿದೆ. ಅದರ ಬೇರು ರಾಜಸ್ಥಾನದ ಭಟೇರಿಯಲ್ಲಿದೆ. ಕುಂಬಾರ ಜಾತಿಯ ಭಂವರಿ ದೇವಿ ಸರ್ಕಾರಿ ಯೋಜನೆಯ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಹೋದಳು, 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದಳು. 1995ರಲ್ಲಿ ನ್ಯಾಯಾಲಯ ಅತ್ಯಾಚಾರದ ಆಪಾದನೆಯಿಂದ ಆರೋಪಿಗಳನ್ನು ಬಿಟ್ಟಿತು. ಆ ಪ್ರಕರಣದ ಬೆನ್ನಿಗೆ 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯಿದೆ ಬಂತು. ಮೇಲಿನವರಿಗೆ ನೆರಳು ಕೊಟ್ಟ ಮರವನ್ನು ನೆಟ್ಟವಳು ಕೆಳಜಾತಿಯ ಹೆಂಗಸು. ಅವಳನ್ನೇ ಮರೆತು ಸ್ತ್ರೀವಾದವನ್ನು ಮೇಲ್ಜಾತಿಗೆ ದಾನಪತ್ರ ಬರೆದುಕೊಡುವ ಔದಾರ್ಯ ನಮಗೇಕೆ?

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ವಾದ. ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ: ‘ನಮ್ಮ ಹೆಂಗಸರು ಗಟ್ಟಿಗಿತ್ತಿಯರು. ಗಂಡನಿಗೆ ಸಮಸಮ ದುಡೀತಾರೆ, ಎದುರು ಮಾತಾಡ್ತಾರೆ, ಬೇಡದಿದ್ರೆ ಬಿಟ್ಟು ಬರ್ತಾರೆ. ಅವರಿಗ್ಯಾಕೆ ಸ್ತ್ರೀವಾದ?’ ನಮ್ಮ ವಿಮರ್ಶೆಯೂ ಈ ಬಿರುದನ್ನು ಧಾರಾಳವಾಗಿ ಹಂಚಿದೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನನ್ನು ನೋಡಿ. ಕಳೆದುಹೋದ ಹುಂಜಕ್ಕಾಗಿ ಹುಡುಕಾಡುವ ಆ ಮುದುಕಿಯ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಆಕೆ ಕೇರಿಯ ಜೀವಶಕ್ತಿ, ಮಣ್ಣಿನ ತಾಯಿ, ಸಮುದಾಯದ ಸಾಕ್ಷಿಪ್ರಜ್ಞೆ. ಕೃತಿಯ ಸಾಕವ್ವನಾದರೋ ಬೈಯುತ್ತಾಳೆ, ಲೆಕ್ಕ ಹಾಕುತ್ತಾಳೆ, ತನ್ನದು ಎನ್ನುವುದಕ್ಕಾಗಿ ಹಟ ಹಿಡಿಯುತ್ತಾಳೆ. ಆ ಹುಂಜ ಅವಳ ಸ್ವಂತದ್ದು, ಅವಳ ಆಸ್ತಿ. ತನ್ನ ಆಸ್ತಿಗಾಗಿ ಬೀದಿ ಸುತ್ತುವ ಹೆಣ್ಣನ್ನು ಮಹಾದೇವ ಬರೆದರು, ಎಲ್ಲರ ಆಸ್ತಿಯಾದ ತಾಯಿಯನ್ನು ವಿಮರ್ಶಕರು ಓದಿದರು. ಲೇಖಕನಿಗೆ ಕಂಡದ್ದು ವಿಮರ್ಶಕನಿಗೆ ಯಾಕೆ ಕಾಣಲಿಲ್ಲ? ತಾಯಿ ಎಂದ ಮೇಲೆ ಅವಳಿಗೆ ಏನು ಬೇಕಿತ್ತು ಎಂದು ಕೇಳುವ ಅಗತ್ಯ ಇರುವುದಿಲ್ಲವಲ್ಲ, ಅದಕ್ಕೇ ಇರಬೇಕು.

ನನ್ನ ಅವ್ವನನ್ನೂ ಊರು ಗಟ್ಟಿಗಿತ್ತಿ ಎಂದೇ ಕರೆಯುತ್ತಿತ್ತು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮೂರಲ್ಲಿ ಗಂಡಾಳಿಗೆ 100 ರೂಪಾಯಿ ಇದ್ದರೆ ಹೆಣ್ಣಾಳಿಗೆ 60. ಸಮಾನ ವೇತನದ ಕಾಯಿದೆ 1976ರಲ್ಲೇ ಬಂದಿತ್ತು, ನಮ್ಮೂರಿಗೆ ಬಸ್ಸು ಸಿಕ್ಕಿರಲಿಲ್ಲ ಅಂತ ಕಾಣುತ್ತೆ. ಅಪ್ಪ ಗೌಡರ ಹೊಲದಲ್ಲಿ ಹಗಲೆಲ್ಲ ತಿಂದ ಮಾತು ರಾತ್ರಿ ಸಾರಾಯಿಯ ಜೊತೆ ಮನೆಗೆ ಬಂದು ಅವ್ವನ ಬೆನ್ನ ಮೇಲೆ ಬೀಳುತ್ತಿತ್ತು. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಗಾದೆ. ನಮ್ಮನೆಯಲ್ಲಿ ಅದು ಶುರುವಾಗುತ್ತಿದ್ದುದೇ ಉಂಡ ಮೇಲೆ. ಬೆಳಗಾದರೆ ಅವ್ವ ಸೆರಗನ್ನು ಬಿಗಿಯಾಗಿ ಹೊದ್ದು ಕಳೆ ಕೀಳಲು ಹೋಗುತ್ತಿದ್ದಳು. ಹಂಗೆ ಹೋದದ್ದಕ್ಕೆ ಗಟ್ಟಿಗಿತ್ತಿ. ಅಪ್ಪನಿಗೂ ಜಾತಿಯೇ ಏಟು ಕೊಟ್ಟಿತ್ತು, ಅದನ್ನವನು ಹೊತ್ತು ತಂದ ಎನ್ನುವ ವಿವರಣೆ ನನಗೂ ಗೊತ್ತು, ನಾನೇ ತರಗತಿಯಲ್ಲಿ ಹೇಳುತ್ತೇನೆ. ಕಾರಣ ತಿಳಿದರೆ ಬಾಸುಂಡೆ ಮಾಯುವುದಿಲ್ಲ. ಮರಾಠಿಯ ಬೇಬಿ ಕಾಂಬಳೆ ತನ್ನ ಸಮುದಾಯದ ಬದುಕನ್ನು ಬರೆದು, ಆ ಹಸ್ತಪ್ರತಿಯನ್ನು ಗಂಡನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಬಚ್ಚಿಟ್ಟಿದ್ದರು. ಅಂಬೇಡ್ಕರ್ ಚಳವಳಿಯ ಮನೆ ಅದು. ಗಟ್ಟಿಯಾಗಿರುವುದು ಬೇರೆ, ಬಿಡುಗಡೆಯಾಗಿರುವುದು ಬೇರೆ.

ನಾಲ್ಕನೆಯದು ಕಾನೂನಿನ ದುರುಪಯೋಗ. ‘498ಎ ಕೇಸುಗಳೆಲ್ಲ ಸುಳ್ಳು’ ಎಂದು ನಮ್ಮ ಹುಡುಗರೂ ಹೇಳುತ್ತಾರೆ. ಆ ಕಲಮು 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ 85 ಆಗಿದೆ, ಮಾತು ಮಾತ್ರ ಹಳೆಯದೇ. ಇವರಿಗೆ ಒಂದು ಸಂಗತಿ ನೆನಪಿಸಬೇಕು. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಹೆಂಗಸರು 498ಎ ದುರುಪಯೋಗ ಮಾಡುತ್ತಿದ್ದಾರೆಂದು, ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿ ನೋಡಲಿ ಎಂದರು. ಎಂಟು ತಿಂಗಳಾಗುವಷ್ಟರಲ್ಲಿ, 2018ರ ಮಾರ್ಚ್‌ನಲ್ಲಿ, ಅದೇ ಇಬ್ಬರು ನ್ಯಾಯಮೂರ್ತಿಗಳು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಯೂ ದುರುಪಯೋಗವಾಗುತ್ತಿದೆಯೆಂದು ಬಂಧನಕ್ಕೆ ಮುಂಚಿನ ಷರತ್ತು ಹಾಕಿದರು. ಎರಡನೆಯದರ ವಿರುದ್ಧ ಏಪ್ರಿಲ್ 2ರಂದು ದೇಶವೇ ಬಂದ್ ಆಯಿತು, ಸಂಸತ್ತು ಕಾಯಿದೆ ತಿದ್ದಿತು, 2019ರಲ್ಲಿ ಕೋರ್ಟೂ ಆ ನಿರ್ದೇಶನಗಳನ್ನು ವಾಪಸು ಪಡೆಯಿತು. ಮೊದಲನೆಯದು ಬಂದಾಗ ನಾವು ಎಲ್ಲಿದ್ದೆವು? ಅದನ್ನೂ 2018ರಲ್ಲಿ ಕೋರ್ಟು ಸರಿಪಡಿಸಿತು, ಆದರೆ ಅದಕ್ಕಾಗಿ ಹೋರಾಡಿದವರಲ್ಲಿ ನಾವಿರಲಿಲ್ಲ. ಪಕ್ಕದ ಮನೆಗೆ ಬಿದ್ದ ಬೆಂಕಿ ನೋಡುತ್ತಾ ನಿಂತವರ ಮನೆಗೂ ಅದು ಬಂತು. ದೂರು ಕೊಟ್ಟವರನ್ನೇ ಮೊದಲು ಅನುಮಾನಿಸು ಎನ್ನುವ ತರ್ಕ ಎರಡೂ ಕಡೆ ಒಂದೇ.

‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ‘ನಿಮ್ಮಲ್ಲೇ ಹೊಲೆಯ ಮಾದಿಗ ಭೇದ ಇಲ್ವಾ?’ ಎಂದು ನಮ್ಮನ್ನು ಕೇಳುವವರ ಮಾತಿನ ತದ್ರೂಪು ಅದು. ಅವರಿಗೆ ನಾವು ಶ್ರೇಣೀಕೃತ ಅಸಮಾನತೆಯ ಬಗ್ಗೆ ವಿವರಿಸುತ್ತೇವೆ: ಪ್ರತಿಯೊಬ್ಬರಿಗೂ ತುಳಿಯಲು ಇನ್ನೊಬ್ಬರನ್ನು ಕೊಟ್ಟಿರುವ ಮೆಟ್ಟಿಲು ಇದು, ಮೆಟ್ಟಿಲು ಕಟ್ಟಿದವನನ್ನು ಕೇಳಿ ಎನ್ನುತ್ತೇವೆ. ಅತ್ತೆ ಸೊಸೆಯರ ವಿಷಯ ಬಂದಾಗ ಆ ವಿವರಣೆ ಎಲ್ಲಿ ಹೋಗುತ್ತದೋ!

ಉಳಿದದ್ದು ಕೊನೆಯ ಮಾತು, ಮನೆ ಮಾತು ಬೀದಿಗೆ ತರಬಾರದು ಎಂಬುದು. ಇದಕ್ಕೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಅಪ್ಪನ ಬಗ್ಗೆ ಮೇಲಿನ ನಾಲ್ಕು ಸಾಲು ಬರೆದು ಮೂರು ಸಲ ಹೊಡೆದುಹಾಕಿದೆ. ‘ನೋಡಿ, ಅವರು ಹಂಗೇ’ ಎಂದು ಹೇಳಲು ಕಾದಿರುವ ಮೇಲ್ಜಾತಿಯ ಓದುಗರು ಇದ್ದಾರೆ, ಅವರಿಗೆ ನಾನು ಸಾಕ್ಷಿ ಒದಗಿಸಿದಂತಾಗುತ್ತದೆ ಎಂಬ ಅಳುಕು ಈಗಲೂ ಇದೆ. ಅಂಥವರು ತಮ್ಮ ಮನೆಯ ಬಾಗಿಲನ್ನು ನಮಗಿಂತ ಭದ್ರವಾಗಿ ಮುಚ್ಚಿಕೊಂಡಿದ್ದಾರೆ ಅಷ್ಟೆ ಎಂದು ಹೇಳಬಹುದು. ಅದೇ ಅಳುಕಿನಿಂದ ಅವ್ವನನ್ನು ಕೇಳಿದೆ. ಅವಳು ಓದಲು ಬಾರದವಳು. ಬರೆದದ್ದನ್ನು ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ ಆಮೇಲಾಮೇಲೆ ಕುಡಿಯೋದು ಬಿಟ್ಟ, ಅದ್ನೂ ಬರಿ” ಅಂದಳು. ಬರೆದಿದ್ದೇನೆ. ಹೊಡೆದದ್ದನ್ನು ತೆಗೆ ಅಂತ ಅವಳು ಹೇಳಲಿಲ್ಲ.

ದಲಿತ ವಿಮರ್ಶೆಗೆ ನನ್ನ ಕೋರಿಕೆ ದೊಡ್ಡದಲ್ಲ. ಒಂದು ಕೃತಿಯಲ್ಲಿ ಜಾತಿ ಎಲ್ಲಿದೆ ಎಂದು ಹುಡುಕುವಾಗಲೇ, ಅದೇ ಕೈಯಲ್ಲಿ, ಆ ಮನೆಯಲ್ಲಿ ಕೂಲಿ ಯಾರ ಕೈ ಸೇರಿತು, ಸಾಗುವಳಿ ಚೀಟಿಯಲ್ಲಿ ಯಾರ ಹೆಸರಿದೆ, ಯಾರು ಕೊನೆಗೆ ಉಂಡರು ಎಂದೂ ಹುಡುಕಲಿ. ನಾನು ಎಂ.ಎ.ಯಲ್ಲಿ ಓದಿದ ಕನ್ನಡದ ದಲಿತ ಆತ್ಮಕಥನಗಳೆಲ್ಲ ಗಂಡಸರವು. ಅವುಗಳಲ್ಲಿ ಬರುವ ಅವ್ವಂದಿರು ತಾವೇ ಬರೆದಿದ್ದರೆ ಏನು ಬರೆಯುತ್ತಿದ್ದರು ಎಂಬ ಪ್ರಶ್ನೆ ಒಂದು ಸಲವೂ ಪ್ರಶ್ನೆಪತ್ರಿಕೆಯಲ್ಲಿ ಬರಲಿಲ್ಲ.

ಆ ಹಿರಿಯರು ಮತ್ತೆ ಸಿಗುತ್ತಾರೆ, ಇಂಥ ಸಂಕಿರಣಗಳು ನಡೆಯುತ್ತಲೇ ಇರುತ್ತವೆ. ಈ ಸಲ ನಕ್ಕು ಸುಮ್ಮನಾಗುವುದಿಲ್ಲ. ‘ಆಮೇಲೆ ಅಂದ್ರೆ ಯಾವತ್ತು ಅಣ್ಣಾ?’ ಅಂತ ಕೇಳುತ್ತೇನೆ.